ಇಪ್ಪತ್ತೇಳು ಸುತ್ತಿಗೆ ಒಂದು ಸುತ್ತು

ಮೂರು ತಿಂಗಳ ಕೂಸಿಗೆ ಎಂಟು ವರ್ಷದ ಮಕ್ಕಳು ಆಡುವ ಸಾಮಾನು ತಂದವರನ್ನು ನನ್ನ ಜನ್ಮದಲ್ಲಿ ಕಂಡದ್ದು ಒಬ್ಬರನ್ನೇ, ನನ್ನ ಗಂಡನ ಸೋದರಮಾವನನ್ನು. ಬೊಂಬಾಯಿಯ ಬಂದರಿನಲ್ಲಿ ಗುಮಾಸ್ತರಾಗಿದ್ದ ಅವರನ್ನು ಮನೆಯಲ್ಲಿ ಎಲ್ಲರೂ ಬೊಂಬಾಯಿ ಮಾವ ಎನ್ನುತ್ತಿದ್ದೆವು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಮಗಳ ನಾಮಕರಣಕ್ಕೆ ಅವರು ಹಡಗಿನವರಿಂದ ಕೊಂಡ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತು ತಂದರು. ಮೇಲೆ ನಾವ್ಯಾರೂ ಓದಲಾಗದ ಭಾಷೆ, ಒಂದು ಕೆಂಪು ಟ್ರ್ಯಾಕ್ಟರಿನ ಚಿತ್ರ. ಒಳಗೆ ಪ್ಲಾಸ್ಟಿಕ್ಕಿನ ಪುಟ್ಟ ಇಟ್ಟಿಗೆಗಳು. ಒಂದರ ಬೆನ್ನಿನ ಗುಬುಟು ಇನ್ನೊಂದರ ಹೊಟ್ಟೆಯೊಳಗೆ ಟಕ್ಕೆಂದು ಕೂರುತ್ತಿತ್ತು. ಜೊತೆಗೆ ಗಾಲಿ, ಹಲ್ಲಿನ ಚಕ್ರ, ಕಡ್ಡಿಯಂಥ ಅಚ್ಚುಗಳು, ಬ್ಯಾಟರಿಯಲ್ಲಿ ತಿರುಗುವ ಒಂದು ಮೋಟಾರು.

"ನುಂಗಿಗಿಂಗಿಬಿಟ್ಟಾತು ಕಣಣ್ಣ! ಇದ್ನ ಕೂಸಿಗೆ ಕೊಡ್ತಾರಾ?" ಎಂದು ನನ್ನತ್ತೆ ಪೆಟ್ಟಿಗೆ ಕಿತ್ತುಕೊಂಡು ಸೀದಾ ಅಟ್ಟಕ್ಕೆ ಏರಿಸಿಬಿಟ್ಟರು.

ನಮ್ಮ ಅಟ್ಟಕ್ಕೆ ಹೋದದ್ದು ಬೇಗ ಕೆಳಗಿಳಿಯುತ್ತಿರಲಿಲ್ಲ. ತೋಟದ ಕಾಯಿ ಸಿಪ್ಪೆಸಮೇತ ಅಲ್ಲಿ ವರ್ಷವೇ ಕೂತಿರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿ ಆಗಬೇಕು. ಅವಸರಪಟ್ಟು ಒಡೆದರೆ ಚೂರಾಗುತ್ತದೆ, ಚೂರಾದದ್ದನ್ನು ತಿಪಟೂರಿನ ಮಂಡಿಯಲ್ಲಿ ಯಾರೂ ಮೂಸುವುದಿಲ್ಲ. ಅದಕ್ಕೇ ಅತ್ತೆ ಅಟ್ಟ ಹತ್ತಿ, ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ನೀರು ಕುಲುಕಿದರೆ ವಾಪಸ್ಸು ರಾಶಿಗೆ. ಒಳಗೆ ಉಂಡೆ ಗಟಗಟ ಉರುಳಿದರೆ ಸುಲಿಯುವುದಕ್ಕೆ. ಅವರ ಕಿವಿ ತಪ್ಪಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

ಇನ್ನು ನನ್ನ ಸಮಾಚಾರ. ಬಿ.ಎಸ್ಸಿ. ಮೊದಲ ವರ್ಷ ಮುಗಿಸಿದ್ದೇ ತಡ, ಮದುವೆ ಮಾಡಿ ಈ ತೋಟದ ಮನೆಗೆ ಕಳಿಸಿದ್ದರು. ನನಗೆ ಮತ್ತೆ ಕಾಲೇಜಿಗೆ ಹೋಗಬೇಕಿತ್ತು. ಸುತ್ತಿ ಬಳಸಿ ಯಾಕೆ ಹೇಳಲಿ, ಹೊಟ್ಟೆಕಿಚ್ಚಿನಿಂದ ಸಾಯುತ್ತಿದ್ದೆ. ನೊಣವಿನಕೆರೆ ಕಡೆಯಿಂದ ಕಾಲೇಜು ಹುಡುಗಿಯರನ್ನು ತುಂಬಿಕೊಂಡು ಬರುವ ಬಸ್ಸು ನಮ್ಮ ತೋಟದ ಮುಂದೆಯೇ ಹಾಯುತ್ತಿತ್ತು. ಅದರ ಹಾರನ್ನು ಕೇಳಿದರೆ ಸಾಕು, ಕೈಲಿದ್ದ ಪಾತ್ರೆ ಕುಕ್ಕುತ್ತಿದ್ದೆ. ಗಂಡನನ್ನು ಕೇಳಿದರೆ "ಅವ್ವನ್ನ ಕೇಳು." ಅತ್ತೆಯನ್ನು ಕೇಳಿದರೆ "ಅಣ್ಣ ಬರ್ಲಿ, ಕೇಳಾನ." ಗಂಡನ ತಂದೆ ತೀರಿಕೊಂಡ ಮೇಲೆ ಆ ಮನೆಯ ದೊಡ್ಡ ಮಾತುಗಳೆಲ್ಲ ಬೊಂಬಾಯಿ ಮಾವನವೇ. ನಾಮಕರಣ ಮುಗಿಸಿ ಹೋದವರು ಮತ್ತೆ ಬರುವುದು ಅವರೆಕಾಯಿ ಕಾಲಕ್ಕೆ, ಡಿಸೆಂಬರಿನಲ್ಲಿ.

ಒಂದು ಮಧ್ಯಾಹ್ನ ಮಗು ಮಲಗಿತ್ತು, ಅತ್ತೆ ತೋಟದಲ್ಲಿದ್ದರು. ಏಣಿ ಹತ್ತಿ ಪೆಟ್ಟಿಗೆ ಇಳಿಸಿದೆ. ಗಂಡನ ಟಾರ್ಚಿನಿಂದ ಸೆಲ್ಲು ಬಿಚ್ಚಿ ಹಾಕಿ, ಮೋಟಾರಿನ ಅಚ್ಚಿಗೇ ಗಾಲಿ ಸಿಕ್ಕಿಸಿ ಬಿಟ್ಟೆ. ಗಾಡಿ ಕಣ್ಣಿಗೆ ಕಾಣದ ಹಾಗೆ ಓಡಿ ಗೋಡೆಗೆ ಬಡಿದು ಇಟ್ಟಿಗೆ ಇಟ್ಟಿಗೆಯಾಗಿ ಉದುರಿತು. ಮತ್ತೆ ಕಟ್ಟಿದೆ. ಓಟವೇನೋ ಭರ್ಜರಿ, ಬಲ ಮಾತ್ರ ಸೊನ್ನೆ. ಗೋಣಿತಾಟು ಅಡ್ಡ ಬಂದರೆ ನಿಂತಿತು, ಕಿರುಬೆರಳು ಇಟ್ಟರೂ ನಿಂತಿತು.

ಪೆಟ್ಟಿಗೆಯಲ್ಲಿ ಎಂಟು ಹಲ್ಲಿನ ಚಿಕ್ಕ ಚಕ್ರಗಳಿದ್ದವು, ಇಪ್ಪತ್ತನಾಲ್ಕು ಹಲ್ಲಿನ ದೊಡ್ಡವೂ ಇದ್ದವು. ಮೋಟಾರಿಗೆ ಚಿಕ್ಕದನ್ನು ಸಿಕ್ಕಿಸಿ ದೊಡ್ಡದಕ್ಕೆ ಕಚ್ಚಿಸಿದೆ. ಮೋಟಾರು ಮೂರು ಸುತ್ತಿದರೆ ಮುಂದಿನ ಅಚ್ಚು ಒಂದೇ ಸುತ್ತು. ಆ ಅಚ್ಚಿಗೆ ಇನ್ನೊಂದು ಜೋಡಿ ಕೂರಿಸಿದೆ, ಒಂಬತ್ತಕ್ಕೆ ಒಂದು. ಮೂರನೇ ಜೋಡಿ, ಇಪ್ಪತ್ತೇಳಕ್ಕೆ ಒಂದು. ಸ್ವಿಚ್ಚು ಒತ್ತಿದೆ. ಮೋಟಾರು ಎಂದಿನಂತೆ ಗುಂಯ್‌ಗುಟ್ಟಿತು. ಕೊನೆಯ ಗಾಲಿ ಮಾತ್ರ ಬಸುರಿ ಎಮ್ಮೆಯ ಹಾಗೆ ಮೆಲ್ಲಗೆ ಹೊರಳಿತು. ಅದನ್ನು ನಿಲ್ಲಿಸೋಣವೆಂದು ಬೆರಳಿಟ್ಟೆ. ನಿಲ್ಲಲಿಲ್ಲ. ಎರಡು ಬೆರಳಿನಿಂದ ಅಮುಕಿ ಹಿಡಿದೆ. ನನ್ನ ಬೆರಳನ್ನೇ ತಿರುಚಿಕೊಂಡು ತಿರುಗಿತು!

ಮೈ ಜುಂ ಎಂದಿತು. ಅದೇ ಮೋಟಾರು ಕಣ್ರೀ, ಅವೇ ಮೂರು ಸೆಲ್ಲು. ಕಿರುಬೆರಳಿಗೆ ಸೋತದ್ದು ಈಗ ನನ್ನ ಕೈಯನ್ನು ಸೋಲಿಸುತ್ತಿತ್ತು. ಎಲ್ಲಿಂದಲೋ ಬಲ ತಂದದ್ದಲ್ಲ, ಓಟವನ್ನು ಬಿಟ್ಟುಕೊಟ್ಟು ಬಲವನ್ನು ಪಡೆದದ್ದು. ಕಾಲೇಜಿನಲ್ಲಿ ಈ ಲೆಕ್ಕವನ್ನು ಪುಟಗಟ್ಟಲೆ ಬರೆದು ನೂರಕ್ಕೆ ಎಂಬತ್ತು ತೆಗೆದಿದ್ದೆ, ಆದರೆ ಅದು ನಿಜ ಎಂದು ಗೊತ್ತಾದದ್ದು ಆ ಮಧ್ಯಾಹ್ನ, ಅಡುಗೆಮನೆಯ ನೆಲದ ಮೇಲೆ. ಮಗು ಎದ್ದು ಅಳುವವರೆಗೂ ಬೆರಳಿಡುವುದು, ತೆಗೆಯುವುದು, ಇಷ್ಟೇ ಕೆಲಸ ಮಾಡಿದೆ.

ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಲಾರಿ ಕಟ್ಟಲು ಹೊರಟೆ. ಬಲ ಬಂದದ್ದೇ ಬಂದದ್ದು, ಆ ಬಲಕ್ಕೆ ಗಾಡಿಯೇ ಬಾಯಿ ಬಿಡತೊಡಗಿತು. ಗಾರೆಯವರು ಗೋಡೆ ಕಟ್ಟುವಾಗ ಸಂದಿನ ಮೇಲೆ ಸಂದು ಬಾರದಂತೆ ಇಟ್ಟಿಗೆ ಜರುಗಿಸಿ ಇಡುವುದು ನೆನಪಾಯಿತು. ಹಾಗೇ ಕಟ್ಟಿದೆ, ನಿಂತಿತು. ಗಾಲಿ ಜಾರುತ್ತಿತ್ತು, ಸೈಕಲ್ ಟ್ಯೂಬು ಕತ್ತರಿಸಿ ಉಂಗುರ ಮಾಡಿ ತೊಡಿಸಿದೆ. "ಟಾರ್ಚ್ ಸೆಲ್ಲು ಇಷ್ಟು ಬೇಗ ಹೆಂಗೆ ಮುಗೀತದೆ?" ಎಂದು ಗಂಡ ಅಂಗಡಿಯವನ ಮೇಲೆ ಹರಿಹಾಯುತ್ತಿದ್ದರು. ನಾನು ಪಾಪ ಎನ್ನುತ್ತಿದ್ದೆ.

ಅತ್ತೆಯ ಕೈಗೆ ಸಿಕ್ಕಿಬಿದ್ದದ್ದು ನವೆಂಬರಿನಲ್ಲಿ.

"ಏನೇ ಇದು! ಕೂಸಿಂದು ಆಟದ ಸಾಮಾನು, ತಾಯಿ ಆಡ್ತಾ ಕೂತವ್ಳೆ!"

ನನಗೂ ರೇಗಿತು. "ಆಟ ಅಲ್ಲ ಅತ್ತೆ, ಕೈ ಇಟ್ಟು ನೋಡಿ" ಎಂದೆ.

ಅವರು ಗಾಡಿಯ ಮುಂದೆ ಅಂಗೈ ಅಡ್ಡ ಇಟ್ಟರು. ಗಾಡಿ ಅಂಗೈಯನ್ನು ತಳ್ಳಿಕೊಂಡು ಹೊರಟಿತು. ಅವರು ಕುಕ್ಕರಗಾಲಿನಲ್ಲಿ ಹಿಂದಕ್ಕೆ ಸರಿದರು, ಗಾಡಿ ಮುಂದಕ್ಕೆ ಬಂತು. "ಅಯ್ಯಯ್ಯೋ, ಹಿಡಿಯಷ್ಟು ಇಲ್ಲ, ಎತ್ತಿನ ಬಲ ಐತಲ್ಲೇ ಇದ್ಕೆ!" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಬಯ್ಯುವುದನ್ನು ಮರೆತೇಬಿಟ್ಟರು. ಮಾರನೆಯ ದಿನ ಮಗು ಮಲಗಿದ ಮೇಲೆ ತಾವೇ ಬಂದು, "ನಿನ್ ಎತ್ತು ತಗೀ, ನೋಡಾನ" ಎಂದರು.

ಡಿಸೆಂಬರಿನಲ್ಲಿ ಬೊಂಬಾಯಿ ಮಾವ ಬಂದರು. ಹಿತಕಿದ ಅವರೆಬೇಳೆ ಸಾರಿನಲ್ಲಿ ಎರಡು ಮುದ್ದೆ ಇಳಿಸಿ ತೇಗಿದ ಮೇಲೆ ನಾನು ಕಾಲೇಜಿನ ಮಾತೆತ್ತಿದೆ. ಅವರು ನಕ್ಕರು.

"ಕಂಕುಳಲ್ಲಿ ಕೂಸು ಮಡೀಕಂಡು ಕಾಲೇಜೇನಮ್ಮ? ಓದಿದ್ದೆಲ್ಲ ಈಗ ಮರ್ತೇ ಹೋಗಿರ್ತದೆ, ಬುಡು."

"ಮರೆತಿಲ್ಲ ಮಾವ. ನೀವು ತಂದ ಪೆಟ್ಟಿಗೆಯಲ್ಲಿ ಲಾರಿ ಮಾಡಿದ್ದೀನಿ. ಭಾರ ಹೊರುತ್ತೆ."

"ಓಹೋ! ಹಂಗಾರೆ ಬೆಳಿಗ್ಗೆ ನಿನ್ ಲಾರಿ ಒಂದು ತೆಂಗಿನಕಾಯಿ ಹೇರ್ಕಂಡು ಜಗಲಿ ಹಲಗೆ ಹತ್ಲಿ. ಹತ್ತುದ್ರೆ ಜೂನಿಗೆ ಕಾಲೇಜು, ನಾನೇ ಸೇರುಸ್ತೀನಿ. ಹತ್ನಿಲ್ಲ ಅಂದ್ರೆ ಈ ಮಾತು ಇನ್ನೆಂದೂ ಎತ್ತಬಾರ್ದು."

"ಆಗಲಿ" ಎಂದುಬಿಟ್ಟೆ. ಹಾಳು ಸಿಟ್ಟು. ನನ್ನ ಲಾರಿ ಅಲ್ಲಿಯವರೆಗೆ ಹೊತ್ತದ್ದು ಎರಡು ಉಂಡೆ ಕೊಬ್ಬರಿ, ಅದೂ ಸಮನೆಲದಲ್ಲಿ. ಜಗಲಿಗೆ ಸೈಕಲ್ ಹತ್ತಿಸಲು ಹಾಕಿದ್ದ ಆ ಹಲಗೆ ಒಂದು ಮಾರು ಉದ್ದ, ಒಳ್ಳೆ ಏರು.

ಸಂಜೆ ಕೂತು ಎಲ್ಲವನ್ನೂ ಬಿಗಿ ಮಾಡಿದೆ. ಹಲ್ಲುಗಳು ಕಿರುಗುಟ್ಟುತ್ತಿದ್ದವು. ನಮ್ಮ ಕಡೆ ಬಾಗಿಲು ಕಿರುಗುಟ್ಟಿದರೂ ಕೊಬ್ಬರಿ ಎಣ್ಣೆ, ಹೊಲಿಗೆ ಮಿಷನ್ನು ಬಿಗಿಯಾದರೂ ಕೊಬ್ಬರಿ ಎಣ್ಣೆ, ಕೂಸಿನ ನೆತ್ತಿಗೂ ಅದೇ. ಹಲ್ಲು ಹಲ್ಲಿಗೂ ಧಾರಾಳವಾಗಿ ಬಿಟ್ಟೆ. ಗಾಡಿ ಬೆಣ್ಣೆಯಂತೆ ಓಡಿತು. ಧೈರ್ಯವಾಗಿ ಅದನ್ನು ಜಗಲಿಯ ಗೂಡಿನಲ್ಲಿಟ್ಟು ಮಲಗಿದೆ.

ಬೆಳಿಗ್ಗೆ ಎಂಥ ಚಳಿ! ಮಾತಾಡಿದರೆ ಬಾಯಿಂದ ಹೊಗೆ. ಬೊಂಬಾಯಿ ಮಾವ ಮಂಕಿ ಟೋಪಿ ಹಾಕಿಕೊಂಡು ಜಗಲಿಯ ಮೇಲೆ ಕೂತರು, ಗಂಡ ಮಗುವನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ನಿಂತರು. ಅತ್ತೆ "ಕಾಯಿ ನಾನು ಆರುಸ್ತೀನಿ" ಎಂದು ಅಟ್ಟ ಹತ್ತಿದರು. ಮೇಲೆ ಒಂದೊಂದೇ ಕಾಯಿ ಅಲ್ಲಾಡಿಸುವುದು, ಬಿಸಾಡುವುದು ಕೇಳಿಸುತ್ತಿತ್ತು. ಹತ್ತು ಆಯಿತು, ಇಪ್ಪತ್ತು ಆಯಿತು, ಮುಗಿಯಲೊಲ್ಲದು. ಭಾರವಾದದ್ದನ್ನೇ ಹುಡುಕುತ್ತಿದ್ದಾರೆ, ಅಣ್ಣನ ತಂಗಿ ತಾನೇ ಎಂದು ಹಲ್ಲು ಕಡಿದೆ. ಕೊನೆಗೆ ಹಿತ್ತಲಿಗೆ ಹೋಗಿ, ಸುಲಿದು, ಜುಟ್ಟು ಬಿಟ್ಟ ಕಾಯನ್ನು ಎರಡು ಕೈಯಲ್ಲಿ ಹಿಡಿದು ತಂದರು. ನಾನು ಕೈ ಚಾಚಿದರೆ "ನೀನ್ ಮುಟ್ಬ್ಯಾಡ" ಎಂದು ಗದರಿ ತಾವೇ ಲಾರಿಯ ಮೇಲೆ ಕೂರಿಸಿದರು.

ಸ್ವಿಚ್ಚು ಒತ್ತಿದೆ. ಮೋಟಾರು ಮುಲುಗಿತು. ಗಾಡಿ ಕದಲಲಿಲ್ಲ. ಅತ್ತೆ ಕಾಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು, ಮತ್ತೆ ಒತ್ತಿದೆ. ಆಗಲೂ ಇಲ್ಲ! ಬರಿಯ ಗಾಡಿಯೇ ಓಡದು.

"ಬುಡಮ್ಮ, ಬೊಂಬೆ ಬೊಂಬೆನೇ" ಎಂದರು ಮಾವ. ಅವರ ದನಿಯಲ್ಲಿ ಕೆಟ್ಟತನವಿರಲಿಲ್ಲ, ಅದೇ ನನಗೆ ಹೆಚ್ಚು ಉರಿಸಿತು. ಕಣ್ಣಲ್ಲಿ ನೀರು ಬಂತು. ಬಸ್ಸಿನ ಹಾರನ್ನು ಇನ್ನು ಸಾಯುವವರೆಗೂ ಪಾತ್ರೆ ತೊಳೆಯುತ್ತ ಕೇಳಬೇಕು ಎಂದುಕೊಂಡೆ.

ಅತ್ತೆ ಬಗ್ಗಿ ಗಾಡಿ ಎತ್ತಿಕೊಂಡರು. ಕಿವಿಯ ಹತ್ತಿರ ಹಿಡಿದು, ಕಾಯಿ ಅಲ್ಲಾಡಿಸಿದ ಹಾಗೇ ಮೂರು ಸಲ ಅಲ್ಲಾಡಿಸಿದರು. ಬೆರಳಿನಿಂದ ಒಂದು ಗಾಲಿ ಮೆಲ್ಲಗೆ ತಿರುವಿ ಮತ್ತೆ ಕಿವಿಗೊಟ್ಟರು.

"ಮುರ್ದಿಲ್ಲ. ಒಳಗೇನೋ ಹಿಡ್ಕಂಡೈತೆ. ಏನೇ ಹಾಕ್ದೆ ಇದ್ಕೆ?"

"ಕೊಬ್ಬರಿ ಎಣ್ಣೆ."

"ಥೂ, ನಿನ್ ಓದಿಗಿಷ್ಟು! ಈ ಚಳೀಲಿ ಬಾಟ್ಲಿ ಎಣ್ಣೇನೆ ಕಲ್ಲಾಗಿ ಕೂತದೆ, ಗಾಡೀಲಿ ಕೂರಲ್ವಾ?"

ಧನುರ್ಮಾಸದಲ್ಲಿ ಎಣ್ಣೆ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸದೆ ತಲೆಗೆ ಹಚ್ಚಿಕೊಂಡವರು ನಮ್ಮ ಸೀಮೆಯಲ್ಲಿ ಇಲ್ಲ. ನಾನೂ ಹುಟ್ಟಿದಾಗಿನಿಂದ ಕರಗಿಸಿದವಳೇ. ಇಪ್ಪತ್ತೇಳರ ಲೆಕ್ಕ ಹಾಕಿದ ತಲೆಗೆ ಇದು ಹೊಳೆದಿರಲಿಲ್ಲ. ಅತ್ತೆ ಗಂಡನ ಕೈಯಿಂದ ಮಗುವನ್ನು ಇಸಿದುಕೊಂಡು ಚಾಪೆಯ ಮೇಲೆ ಮಲಗಿಸಿ, ಗಾಡಿಯನ್ನು ಅದರ ಪಕ್ಕ ಅದೇ ಕಂಬಳಿಯೊಳಗೆ ತುರುಕಿದರು. ಬಚ್ಚಲ ಒಲೆಯ ಮೇಲೆ ಕಾಯಿಸಿದ ಕೂಸಿನ ಬಟ್ಟೆಗಳನ್ನು ತಂದು ತಂದು ಸುತ್ತಿದರು. "ಕಾಪಿ ಕುಡಿಯಣ್ಣ, ಗಾಡಿ ಎದ್ದೇಳ್ಲಿ" ಎಂದರು. ಅರ್ಧ ಗಂಟೆ ಆದ ಮೇಲೆ ಕಂಬಳಿ ಬಿಚ್ಚಿ ಗಾಡಿ ತೆಗೆದರು.

ಎರಡನೇ ಸಲ ಕಾಯಿ ಕೂರಿಸಿದವರೂ ಅತ್ತೆಯೇ. ಸ್ವಿಚ್ಚು ಒತ್ತಿದೆ. ಗಾಲಿ ಹೊರಳಿತು.

ಗಾಡಿ ಹಲಗೆಯ ಬುಡಕ್ಕೆ ಬಂತು. ಮೂತಿ ಎತ್ತಿತು. ಟ್ಯೂಬಿನ ಉಂಗುರ ಮರವನ್ನು ಕಚ್ಚಿತು. ಕಣ್ಣಿಟ್ಟು ನೋಡಿದರಷ್ಟೇ ಚಲಿಸುತ್ತಿದೆ ಎಂದು ಗೊತ್ತಾಗುವಷ್ಟು ನಿಧಾನವಾಗಿ, ತನಗಿಂತ ದೊಡ್ಡ ಕಾಯನ್ನು ಹೊತ್ತುಕೊಂಡು ಅದು ಏರತೊಡಗಿತು. ಮಾಡಿದವಳು ನಾನೇ, ಒಂದೊಂದು ಹಲ್ಲಿನ ಲೆಕ್ಕವೂ ನನಗೆ ಗೊತ್ತು, ಆದರೂ ನಂಬಲಾಗಲಿಲ್ಲ. ಒಳಗೆ ಮೋಟಾರು ಎಷ್ಟು ನೂರು ಸುತ್ತು ಸುತ್ತುತ್ತಿದೆಯೋ, ಆ ಅಷ್ಟೂ ಅವಸರ ಸೇರಿ ಒಂದು ಬೆರಳಗಲದ ಏರಾಗುತ್ತಿತ್ತು. ಬೊಂಬಾಯಿ ಮಾವ ಮಂಕಿ ಟೋಪಿ ತೆಗೆದರು. ಗಂಡ "ನನ್ ಸೆಲ್ಲು!" ಎಂದರು, ಆಗ ಅವರಿಗೆ ಅರ್ಥವಾಯಿತು.

ತುದಿ ಮುಟ್ಟಿ ಗಾಡಿ ಹಲಗೆಯಿಂದ ಜಗಲಿಗೆ ದಡಕ್ಕನೆ ಇಳಿಯಿತು. ಅದರ ಮೇಲೆ ಕಾಯಿ ಒಮ್ಮೆ ತೂಗಾಡಿತು. ಒಳಗಿಂದ ಸ್ಪಷ್ಟವಾಗಿ ಕೇಳಿಸಿತು, ಗಟಗಟ.

ಪಕ್ಕದಲ್ಲೇ ಮೊಣಕಾಲೂರಿ ಕೂತಿದ್ದ ನನಗೆ ಮಾತ್ರ ಕೇಳಿಸಿತು. ನೀರೆಲ್ಲ ಇಂಗಿ, ಉಂಡೆ ಬಿಟ್ಟ ಕಾಯಿ. ಹಸಿ ಕಾಯಿಯ ಅರ್ಧ ಭಾರವೂ ಇಲ್ಲದ್ದು. ಅಟ್ಟದಲ್ಲಿ ಅಷ್ಟು ಹೊತ್ತು ಅಲ್ಲಾಡಿಸಿ ಅಲ್ಲಾಡಿಸಿ ಅವರು ಹುಡುಕಿದ್ದು ಎಲ್ಲಕ್ಕಿಂತ ಹಗುರವಾದದ್ದನ್ನು. ಹಲ್ಲು ಕಡಿದದ್ದು ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದೆ. ತಲೆಯೆತ್ತಿ ಅತ್ತೆಯ ಮುಖ ನೋಡಿದೆ.

ಅವರು ನನ್ನ ಕಡೆ ನೋಡಲೇ ಇಲ್ಲ. ಅಣ್ಣ ಕೈ ಚಾಚುವ ಮೊದಲೇ ಕಾಯನ್ನು ಬಾಚಿ ಸೆರಗಿನಲ್ಲಿ ಕಟ್ಟಿಕೊಂಡು, "ನೋಡ್ದೇನಣ್ಣ, ಎಂಥಾ ಭಾರ ಹೊತ್ತು ತಂತು!" ಎಂದರು. ಮಾವ ಬೆರಗಾಗಿ ತಲೆಯಾಡಿಸಿ, "ಸೇರ್ಕಳ್ಳಮ್ಮ ಕಾಲೇಜಿಗೆ, ಇನ್ನೇನಿದ್ರೂ ನನ್ ಮಾತು ಮುಗೀತು" ಎಂದರು.

ನಾನು ಅತ್ತೆಯ ಹಿಂದೆ ಅಡುಗೆಮನೆಗೆ ಓಡಿದೆ. ಅವರು ಕಾಯನ್ನು ಅಕ್ಕಿ ಡಬ್ಬದ ಹಿಂದೆ ಮುಚ್ಚಿಡುತ್ತಿದ್ದರು. ಅವರು ತಿರುಗದೆಯೇ ಮೆಲ್ಲಗೆ ಹೇಳಿದರು:

"ಕೂಸ್ನ ನಾನ್ ನೋಡ್ಕತೀನಿ. ಓದು ಮುಗಿಯೋ ಹೊತ್ಗೆ ನಿನ್ ಗಾಡಿ ಹಸೀ ಕಾಯಿ ಹೊರ್ಬೇಕು, ತಿಳೀತಾ?"