ಕಲ್ಲುಗಣಿಯಲ್ಲಿ ಕ್ಯಾರೆಟ್

ತರಕಾರಿ ಶೆಡ್ಡಿನಲ್ಲಿ ಅವಳಿಗೆ, ಹದ್ದಿನ ಕಣ್ಣಿನವಳೆಂದು, ಹದ್ದಕ್ಕ ಎಂದೇ ಹೆಸರು. ಹತ್ತೊಂಬತ್ತು ವರ್ಷದಿಂದ ಒಂದೇ ಕೆಲಸ: ಓಡುವ ಬೆಲ್ಟಿನ ಮೇಲೆ ಬರುವ ಕ್ಯಾರೆಟ್‌ಗಳಲ್ಲಿ ಸೊಟ್ಟಗಿನದು, ಕವಲೊಡೆದದ್ದು, ಗಿಡ್ಡದ್ದು ಕಂಡರೆ ಎತ್ತಿ ಹಿಂದಿನ ಡ್ರಮ್ಮಿಗೆ ಎಸೆಯುವುದು. ಅದೆಲ್ಲ ದನಗಳ ಹೊಟ್ಟೆಗೆ ಹೋಗುತ್ತದೆಂದು ಕೆಲಸಕ್ಕೆ ಸೇರಿದ ದಿನ ಯಾರೋ ಹೇಳಿದ್ದರು. ಅವಳು ನಂಬಿ ನೆಮ್ಮದಿಯಾಗಿದ್ದಳು.

ಒಂದು ಮಧ್ಯಾಹ್ನ ತಂಗಿಗೆ ಹುಷಾರಿಲ್ಲವೆಂದು ಫೋನು ಬಂತು. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಡ್ರಮ್ಮುಗಳ ಮಾಲು ತುಂಬಿಕೊಂಡು ಹೊರಟಿದ್ದ ಲಾರಿ ಡ್ರೈವರ್, “ಬನ್ನಿ ಅಕ್ಕ, ದಾರೀಲಿ ಲೋಡ್ ಇಳಿಸಿ ನಿಮ್ಮನ್ನ ಬಿಟ್ಟುಬಿಡ್ತೀನಿ,” ಎಂದ.

ಲಾರಿ ನಿಂತದ್ದು ಕೊಟ್ಟಿಗೆಯ ಮುಂದಲ್ಲ, ಪಾಳು ಬಿದ್ದ ಕಲ್ಲುಗಣಿಯ ಅಂಚಿನಲ್ಲಿ. ಕ್ಯಾರೆಟ್ ದಬದಬನೆ ಕೆಳಗೆ ಸುರಿಯಿತು. ಹದ್ದಕ್ಕ ಇಳಿದು ಇಣುಕಿದಳು. ಕಣ್ಣು ಹಾಯಿಸಿದಷ್ಟೂ ಕ್ಯಾರೆಟ್. ಮೇಲೆ ಕೇಸರಿ, ಅಡಿಯಲ್ಲಿ ಕರಿ ಕೆಸರು. ರಾಶಿಯಿಂದ ಹಬೆ ಏಳುತ್ತಿತ್ತು. ಕೊಳೆತ ರಸ ಬಂಡೆಯ ಬಿರುಕಿನಲ್ಲಿ ಇಳಿದು ಪಕ್ಕದ ಹಳ್ಳ ಸೇರುತ್ತಿತ್ತು. ಮೂಗು ಮುಚ್ಚಿಕೊಳ್ಳುವುದನ್ನೂ ಅವಳು ಮರೆತಳು.

“ದನ ಎಲ್ಲಿ?”

“ಯಾವ ದನ ಅಕ್ಕ? ನಾನು ಬಂದಾಗಿಂದ ಇಲ್ಲೇ ಸುರಿಯೋದು. ಇಲ್ಲಿ ಬೀಡಿ ಹಚ್ಚೋಕೂ ಭಯ, ಒಳಗಿಂದ ಗ್ಯಾಸ್ ಬರುತ್ತೆ.”

“ಇದೆಲ್ಲ ನಾನೇ ಎಸೆದದ್ದು,” ಎಂದಳು ಹದ್ದಕ್ಕ. ಎರೆದ ನೀರು, ಹಾಕಿದ ಗೊಬ್ಬರ, ಕಿತ್ತವರ ಬೆನ್ನುನೋವು, ಎಲ್ಲವೂ ಆ ಗುಂಡಿಯಲ್ಲೇ ಕೊಳೆಯುತ್ತಿದ್ದವು.

ತಂಗಿ ಜ್ವರದಲ್ಲೇ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, “ನೀನೂ ಅಂಗಡೀಲಿ ಕೆದಕಿ ಕೆದಕಿ ನೆಟ್ಟಗಿರೋದೇ ಆರಿಸ್ತೀಯಲ್ಲಕ್ಕ,” ಎಂದಳು. ಹದ್ದಕ್ಕನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಹೌದು, ಹಾಗೇ ಆರಿಸುತ್ತಿದ್ದಳು.

ಮರುದಿನ ಏಪ್ರನ್ ಕಟ್ಟುವ ಮೊದಲೇ ಮ್ಯಾನೇಜರ್ ಕೋಣೆಗೆ ನುಗ್ಗಿ, ಸೊಟ್ಟಗಿನದನ್ನೂ ಮಾರಿ ಎಂದಳು.

“ಸೊಟ್ಟಗಿದ್ರೆ ಜನ ಮುಟ್ಟಲ್ಲಮ್ಮ.”

“ಮುಟ್ಟೋರನ್ನ ನಾನೇ ಕರ್ಕೊಂಡು ಬರ್ತೀನಿ ಸಾರ್. ಆಗ ಇಲ್ಲ ಅನ್ನಬೇಡಿ.”

ಅವರು ಹೂಂ ಅಂದದ್ದು ಇವಳನ್ನು ಸಾಗಹಾಕಲು. ಇವಳು ರಜೆಯ ದಿನವೆಲ್ಲ ಅಲೆದು ಆಸ್ಪತ್ರೆಯ ಅಡುಗೆಯವನನ್ನೂ ಹೈನುಗಾರಿಕೆಯ ಒಬ್ಬಾಕೆಯನ್ನೂ ಹಿಡಿದು ತಂದಳು. “ಹೆಚ್ಚಿ ಬೇಯಿಸಿದ ಮೇಲೆ ಸೊಟ್ಟ ಯಾವುದು, ನೆಟ್ಟಗಿದ್ದದ್ದು ಯಾವುದು?” ಎಂದು ಅಡುಗೆಯವನು ನಕ್ಕ. ಮ್ಯಾನೇಜರ್ ಡ್ರಮ್ಮುಗಳ ಮಾಲನ್ನು ಅವರಿಬ್ಬರಿಗೆ ಕೊಡಲು ಒಪ್ಪಿದರು.

ಈಗ ಲಾರಿ ಗಣಿಗೆ ಹೋಗುವುದು ವಾರಕ್ಕೊಮ್ಮೆ ಮಾತ್ರ. ಪೂರ್ತಿ ನಿಂತಿಲ್ಲ. ಅದು ಹೊರಡುವ ಸದ್ದು ಕೇಳಿದರೆ ಹದ್ದಕ್ಕ ಬೆಲ್ಟಿನಿಂದ ಎತ್ತಿದ ಕ್ಯಾರೆಟ್ಟನ್ನು ಡ್ರಮ್ಮಿಗೆ ಎಸೆಯುವ ಮೊದಲು ಇವತ್ತಿಗೂ ಇನ್ನೊಮ್ಮೆ ತಿರುಗಿಸಿ ನೋಡುತ್ತಾಳೆ.