ಎಮ್ಮೆ ಅಂದೋರಿಗೊಂದು ಬೀಗರ ಪದ

ಈವತ್ತು ಬೆಳಗ್ಗೆ ನನ್ನ ಮೊಮ್ಮಗಳು ಬಸ್ಸು ಹತ್ತಿ ಮದ್ದೂರಿಗೆ, ಕಾಲೇಜಿಗೆ ಹೋದಳು. ಇದೂ ಒಂದು ಸುದ್ದಿಯೇ ಅನ್ನಬೇಡಿ. ಹೊಟ್ಟೆನೋವು, ತಲೆನೋವು ಅಂತ ಚಾಪೆ ಬಿಡದೆ ಮಲಗಿದ್ದವಳು ಅವಳು. ನಾನು ಓದಿರೋದು ಮೂರನೇ ಕ್ಲಾಸು. ಆದರೂ ಈ ಸಂತೋಷ ಬರೆಯದೆ ಇರೋಕಾಗಲಿಲ್ಲ.

ನಾಟಿ ದಿನ ಅವಳು ಲಂಗ ಎತ್ತಿಕಟ್ಟಿ ನಮ್ಮ ಜೊತೆ ಗದ್ದೆಗಿಳಿದಿದ್ದಳು. ಆ ಫೋಟೋ ಸ್ಟೇಟಸ್‌ಗೆ ಹಾಕಿಕೊಂಡಳು. ಕ್ಲಾಸಿನ ಒಬ್ಬಳು ಅದಕ್ಕೆ ಎಮ್ಮೆ ತಲೆ ಅಂಟಿಸಿ ವಾಟ್ಸಾಪ್ ಗುಂಪಿಗೆ ಬಿಟ್ಟಳು. ಹುಲ್ಲು ತರ್ಲಾ, ಬೂಸಾ ತರ್ಲಾ ಅಂತ ಎಲ್ಲರೂ ಸೇರಿ ಆಡಿಕೊಂಡರಂತೆ. ಇನ್ನು ಕಾಲೇಜೇ ಬೇಡ ಅಂದುಬಿಟ್ಟಳು.

ನಾನು ಪೊರಕೆ ಹಿಡಿದು ಆ ಹುಡುಗಿ ಮನೆಗೆ ಹೊರಟೆ.

"ಓಗ್ಬ್ಯಾಡ ಕಣಜ್ಜಿ, ಅದ್ನೂ ವಿಡಿಯೋ ಮಾಡ್ತಾರೆ."

ಪೊರಕೆ ಮೂಲೆ ಸೇರಿತು. ಅವಳ ಪಕ್ಕ ಕೂತು ಮದುವೆ ಮನೆಯ ಬೀಗರ ಪದದ ಮಾತು ತೆಗೆದೆ. ಬೀಗರ ಮೂಗು, ಮೀಸೆ, ಹೊಟ್ಟೆ ಒಂದನ್ನೂ ಬಿಡದೆ ಆಡಿಕೊಂಡು ಹಾಡ್ತೀವಿ, ಆದರೆ ಎದುರಿಗೇ ಕೂತು. ಅವರೂ ತಿರುಗಿಸಿ ಹಾಡ್ತಾರೆ. ಆಮೇಲೆ ಒಂದೇ ಪಂಕ್ತೀಲಿ ಊಟ.

"ಪದಕ್ಕೆ ಪದ ಕೊಡ್ದೆ ಎದ್ದೋದ್ರೆ ಸೋತಂಗೆ ಕಣವ್ವ," ಅಂದೆ.

ಮದ್ದೂರಲ್ಲಿ ಬೈಕು ರಿಪೇರಿ ಮಾಡೋ ಸಾಬರ ಮಗಳು ಇವಳ ಗೆಳತಿ. ಆ ಫೋಟೋನ ಜೋಪಾನವಾಗಿಟ್ಟುಕೊಂಡು ಮೇಡಂಗೆ ತೋರಿಸಿದವಳೇ ಅವಳು. ಮೇಡಂ ವಿಚಾರಿಸಿ ಆ ಫೋಟೋನ ಗುಂಪಿನಿಂದ ತೆಗೆಸಿದರು. ಆದರೂ ನಮ್ಮವಳಿಗೆ ಮುಖ ತೋರಿಸೋ ಧೈರ್ಯ ಬರಲಿಲ್ಲ. ಕೊನೆಗೆ ತಾನೇ ಒಂದು ಪದ ಕಟ್ಟಿದಳು. ಗದ್ದೆ ಬದುವಿನ ಮೇಲೆ ನಿಂತು ನಾವಿಬ್ಬರೂ ಹಾಡಿದೆವು, ಗೆಳತಿ ಫೋನು ಹಿಡಿದಳು:

ಎಮ್ಮೆ ಅಂದೋರೆ ಬನ್ನಿ, ಎಮ್ಮೆ ಮೊಸರ ಉಂಡೋರೆ ಬನ್ನಿ,
ಕೆಸರಿಗಿಳಿದು ಒಂದೇ ಸಾಲು ಪೈರ ನೆಟ್ಟು ತೋರ್ಸಿ ಬನ್ನಿ.

ಆ ವಿಡಿಯೋನ ಮೊಮ್ಮಗಳು ಅದೇ ಗುಂಪಿಗೆ ಹಾಕಿದಳು. ನಮ್ಮ ಕೆಳಗಿನ ಗದ್ದೆ ನಾಟಿ ಇನ್ನೂ ಬಾಕಿ ಇತ್ತು. ಭಾನುವಾರ ನೋಡಿದರೆ ಕ್ಲಾಸಿನವರು ನಿಜಕ್ಕೂ ಬಂದುಬಿಟ್ಟರು, ಎಮ್ಮೆ ತಲೆ ಅಂಟಿಸಿದವಳೂ ಸೇರಿ. ಅವಳು ನೆಟ್ಟ ಸಾಲು ಹಾವು ಹರಿದಂಗೆ ಹೋಯಿತು. ಕಾಲು ಹೂತು ಕೆಸರಲ್ಲೇ ಕುಸಿದು ಕೂತಳು. ಬದುವಿನ ಮೇಲಿದ್ದವರೆಲ್ಲ ಫೋನಿಗೆ ಕೈ ಹಾಕಿದರು.

"ಯಾರೂ ಫೋನ್ ತೆಗೀಬ್ಯಾಡ್ರಿ," ಅಂದವಳು ನನ್ನ ಮೊಮ್ಮಗಳು. ಕೈ ಕೊಟ್ಟು ಎಬ್ಬಿಸಿದಳು.

"ತಪ್ಪಾಯ್ತು ಕಣೆ," ಅಂದಳು ಆ ಹುಡುಗಿ.

"ಸಾಲು ಮುಗ್ಸು, ಆಮೇಲೆ ನೋಡಾನ."

ಮಧ್ಯಾಹ್ನ ಎಲ್ಲರಿಗೂ ಒಂದೇ ಪಂಕ್ತೀಲಿ ಮುದ್ದೆ, ಬಸ್ಸಾರು ಬಡಿಸಿದೆ. ನನ್ನ ಕಣ್ಣು ತುಂಬಿದ್ದು ಒಲೆ ಹೊಗೆಗೆ ಅಂದುಕೊಂಡರು.

ಈವತ್ತು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಓಯ್ತೀನಿ ಕಣಜ್ಜಿ," ಅಂದಳು.

"ಬತ್ತೀನಿ ಅನ್ನವ್ವ," ಅಂದೆ.

"ಬತ್ತೀನಿ ಬುಡಜ್ಜಿ," ಅಂತ ನಗುತ್ತಾ ಬಸ್ಸಿಗೆ ಓಡಿದಳು.