ಕೈಗಾಗಿ ಕಿವಿ ಒಡ್ಡಿದ ಚಂದಯ್ಯ

ಮರವಂತೆಯ ಚಂದಯ್ಯ ಖಾರ್ವಿಯದು ಸುಲಭಕ್ಕೆ ನಂಬುವ ಜಾಯಮಾನವಲ್ಲ. ಕಡಲು ಇವತ್ತೂ ಉಪ್ಪಾಗಿಯೇ ಇದೆಯೇ ಎಂದು ದಿನಾ ಬೆಳಿಗ್ಗೆ ನಾಲಗೆಗೆ ಹಚ್ಚಿ ನೋಡುತ್ತಿದ್ದ ಆಸಾಮಿ. ಅವನು ಸೌಪರ್ಣಿಕಾ ಹೊಳೆಯಲ್ಲಿ ಬೀಸುಬಲೆ ಎಸೆದರೆ, ಆಚೆ ದಡದಲ್ಲಿ ಒಣಗಲು ಹಾಕಿದ ಮೀನಿಗೂ ಅರ್ಧ ಗಳಿಗೆ ಬಿಸಿಲು ತಪ್ಪುತ್ತಿತ್ತು. ಬಲೆಯ ಅಂಚನ್ನು ಹಲ್ಲಲ್ಲಿ ಕಚ್ಚಿ, ಮಡಿಕೆಗಳನ್ನು ಮೊಣಕೈಗೆ ಹಾಕಿ, ಸೊಂಟ ತಿರುಗಿಸಿ ಬಿಡುವಾಗ ಬೆರಳುಗಳೆಲ್ಲ ಒಟ್ಟಿಗೇ ಬಿಚ್ಚಬೇಕು. ವಿದ್ಯೆಯೆಲ್ಲ ಇರುವುದು ಆ ಬಿಡುವುದರಲ್ಲೇ.

2016ರ ಮಳೆಗಾಲದಲ್ಲಿ ಸ್ಟ್ರೋಕ್ ಹೊಡೆದು ಬಲಗೈ ಮುಷ್ಟಿ ಕಟ್ಟಿತು. ಹಿಡಿದದ್ದನ್ನು ಬಿಡದು. ಚಹಾದ ಲೋಟ ಹಿಡಿಸಿದರೆ ಹೆಂಡತಿ ಗಿರಿಜಾ ಒಂದೊಂದೇ ಬೆರಳು ಬಿಡಿಸಿ ವಾಪಸು ಪಡೆಯಬೇಕು. ಬಲೆ ಬಿಡಲಾರದ ಕೈ ಇದ್ದೇನು ಫಲ?

ಬ್ರಹ್ಮಾವರದ ಕಡೆಯ ಒಂದು ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಧನ್ಯಶ್ರೀ, ಬೆಂಕಿಪೊಟ್ಟಣದಷ್ಟು ಯಂತ್ರ ತಂದು ಅದರ ಕ್ಲಿಪ್ಪನ್ನು ಅವನ ಕಿವಿಗೆ ಸಿಕ್ಕಿಸಿದಳು.

"ಹೆಣ್ಣೆ, ಬಿದ್ದದ್ ಕೈ. ನೀ ಕಿವಿ ಹಿಡಿತ್ಯಲೆ?"

"ಕಿವಿಯೊಳ್ಗೆ ಇಪ್ಪು ನರ ಮಿದುಳಿಗೆ ಹೋತ್ತ್ ಮಾಮ. ನೀವ್ ಬೆರಳ್ ಬಿಡ್ಸುಕೆ ಹೊರಟ ಹೊತ್ತಿಗೇ ಇದ್ ಚೂರ್ ಕರೆಂಟ್ ಕೊಡತ್ತ್. ಮಿದುಳು ಬೇಗ ಕಲಿತ್ತಾ ಅಂದೇಳಿ ಕಾಂಬುದು."

ಜೊತೆಗೆ ಇನ್ನೊಂದು ಸತ್ಯವನ್ನೂ ಹೇಳಿದಳು. ಇದು ಪರೀಕ್ಷೆ. ಕೆಲವರ ಯಂತ್ರದಲ್ಲಿ ನಿಜವಾದ ಕರೆಂಟು, ಕೆಲವರದ್ದರಲ್ಲಿ ಬರೀ ಹೆಸರಿಗೆ. ಕಿವಿಗೆ ತಿಳಿಯದಷ್ಟು ಸಣ್ಣ ಕರೆಂಟಾದ್ದರಿಂದ ಯಾರದ್ದು ಯಾವುದೆಂದು ಹಾಕಿಕೊಂಡವರಿಗೂ ಗೊತ್ತಾಗದು, ಅವಳಿಗೂ ಗೊತ್ತಿಲ್ಲ. ಬಲೆಯ ಆಸೆಗೆ ಚಂದಯ್ಯ ಒಪ್ಪಿದ. ಆದರೆ ಸಂಶಯಕ್ಕೆ ಇಷ್ಟು ಒಳ್ಳೆಯ ಗೊಬ್ಬರ ಅವನಿಗೆ ಹುಟ್ಟಿದಂದಿನಿಂದ ಸಿಕ್ಕಿರಲಿಲ್ಲ. ಖಾಲಿ ಡಬ್ಬಿ ತನಗೇ ಬಂದಿದೆ, ಅಸಲಿಯನ್ನೆಲ್ಲ ಕೊಕ್ಕರ್ಣೆಯ ಗದ್ದೆಯವರಿಗೆ ಹಂಚಿದ್ದಾರೆ!

ಯಂತ್ರದ ಸಮೇತ ಮನೆಗೆ ಬಂದವನೇ ಬುಟ್ಟಿಯಿಂದ ಜೀವಂತ ಏಡಿ ತರಿಸಿ, ಅದರ ಇಕ್ಕುಳದಂಥ ಕೊಂಬಿನ ಚಿಪ್ಪಿಗೆ ಕ್ಲಿಪ್ಪು ಹಾಕಿಸಿದ. ಏಡಿ ಮಿಸುಕಲಿಲ್ಲ. ವಯರನ್ನು ಕಚ್ಚಿಕೊಂಡು, ಇವನಿಗೇ ಏನೋ ಆಗಿದೆ ಎಂಬಂತೆ ನೋಡಿತು.

"ಕಂಡ್ಯ? ಏಡಿಗೇ ತಾಗುದಿಲ್ಲೆ, ನಂಗೆ ತಾಗತ್ತಾ?"

"ಅದಕ್ಕೆ ಸ್ಟ್ರೋಕ್ ಆಯಿಲ್ಲೆ ಕಾಣಿ," ಎಂದಳು ಗಿರಿಜಾ.

ಅಂದಿನಿಂದ ಚಂದಯ್ಯ ಕ್ಲಿಪ್ಪು ಹಾಕಿಕೊಂಡು ಸುಮ್ಮನೆ ಕೂರತೊಡಗಿದ. ಯಂತ್ರ ಅಸಲಿಯಾದರೆ ಅದೇ ಬೆರಳು ಬಿಡಿಸಲಿ. ಮುಷ್ಟಿ ಮತ್ತಷ್ಟು ಬಿಗಿಯಿತು, ಉಗುರು ಅಂಗೈಗೆ ನಾಟಿತು. ಮುಂದಿನ ಸಲ ಆಸ್ಪತ್ರೆಯಲ್ಲಿ ಗಿರಿಜಾ ಏಡಿಯ ಕತೆ ಬಾಯಿಬಿಟ್ಟಳು. ಧನ್ಯಶ್ರೀ ನಕ್ಕಳು, ಕೈ ನೋಡಿ ನಗು ನಿಲ್ಲಿಸಿದಳು.

"ಚಿಪ್ಪಿಗೆ ಸಿಕ್ಸಿರೆ ಎಂತ ಗೊತ್ತಾತ್ತ್ ಮಾಮ? ಅಸಲಿ ಮಿಷನ್ ಆದ್ರೂ ಕೈ ಆಡ್ಸುದಿಲ್ಲೆ. ಆಡ್ಸುದ್ ನೀವೇ. ನೀವ್ ಸುಮ್ನೆ ಕೂಕಂಡ್ರೆ ಅದ್ ಯಾರಿಗ್ ಕಲ್ಸೂದ್?"

"ಖಾಲಿ ಡಬ್ಬಿ ಆದ್ರೆ?"

"ಆಗ್ಲೂ ಆಡ್ಸಿದ್ ಕೈಗೇ ಒಳ್ಳೇದ್."

ಈ ಮಾತಿನಲ್ಲಿ ಮೋಸ ಎಲ್ಲಿದೆಯೆಂದು ಚಂದಯ್ಯ ದಾರಿಯುದ್ದಕ್ಕೂ ಹುಡುಕಿದ. ಸಿಗಲಿಲ್ಲ. ಬೇರೆ ದಾರಿಯಿಲ್ಲದೆ ಹಳೆಯ ಬಲೆಯ ತುಂಡು ಹಿಡಿದು, ಯಂತ್ರವನ್ನು ಬೈಯುತ್ತ, ಬೆರಳು ಬಿಡಿಸಲು ಹೆಣಗಿದ. ಮಳೆಗಾಲ ಮುಗಿದು ಚಳಿ ಬಂತು.

ಒಂದು ಬೆಳಿಗ್ಗೆ ಹೊಳೆಬದಿಗೆ ಹೋದ. ಗಿರಿಜಾ ಮಡಿಕೆಗಳನ್ನು ಮೊಣಕೈಗೆ ಏರಿಸಿ, ಕಿವಿಗೆ ಕ್ಲಿಪ್ಪು ಹಾಕಿದಳು. ಬಲೆ ಬಾಯಲ್ಲಿದ್ದುದರಿಂದ ಸಂಶಯ ಆಡಿ ತೋರಿಸಲಾಗಲಿಲ್ಲ. ತಿರುಗಿದ. ಹೆಬ್ಬೆರಳು ಸಡಿಲಿತು, ತೋರುಬೆರಳು ಹಿಂಬಾಲಿಸಿತು, ಉಳಿದವು ಅರೆಮನಸ್ಸಿನಿಂದ ಜಾರಿದವು. ಬಲೆ ಒದ್ದೆ ಕಂಬಳಿಯಂತೆ ಮುದ್ದೆಯಾಗಿ ನೀರಿಗೆ ಬಿತ್ತು. ಆದರೆ ಕೈ ಖಾಲಿಯಾಗಿತ್ತು.

"ಹ್ವಾಯ್, ಕೈ ಬಿಟ್ಟ್ತಲೆ!" ಗಿರಿಜಾ ಕೂಗಿದಳು.

ಚಂದಯ್ಯ ಕೈ ನೋಡಿದ, ಡಬ್ಬಿ ನೋಡಿದ. "ಇದ್ರಗೆ ಕರೆಂಟ್ ಇತ್ತೋ, ಇಲ್ಯೋ?"

"ಯಾರಿಗ್ ಗೊತ್ತ್? ಕ್ಲಿಪ್ ತೆಗಿಲಾ?"

"ಮುಟ್ಬೇಡ! ಮೊದ್ಲ್ ಬಲೆ ಎಳಿ."